ಲೂಲೂಗೊಂದು ಕಳ್ಳ ಕುಬಸ

ಶೈಲಾಳನ್ನು ನೋಡಲು ಹೋದ ದಿನ ಚನ್ನಬಸಯ್ಯ ಮೊದಲು ನೋಡಿದ್ದು ಆಕೆಯ ಮನೆಯ ಆಕಳನ್ನು. ನರಗುಂದದ ಆ ಮನೆಯಲ್ಲಿ ದನ ಕಟ್ಟುವ ಅಂಕಣ ದಾಟಿಯೇ ಪಡಸಾಲೆ ಹತ್ತಬೇಕು. ಗೆಳೆಯನಿಂದ ಕಡ ತಂದ ಪ್ಯಾಂಟು, ಜೇಬಿನಲ್ಲಿ ಎದ್ದು ಕಾಣುವ ಪೆನ್ನು; ಮನೆತನದಲ್ಲಿ ಮೊದಲ ಪದವೀಧರ, ಅದೂ ಪಶುವೈದ್ಯ. ಆಕಳ ಹೊಟ್ಟೆಗೆ ಕೈಯಿಟ್ಟವನೇ, "ಮಾವಾರ, ಗಬ್ಬ ಐತ್ರಿ" ಎಂದುಬಿಟ್ಟ. (ಹೆಣ್ಣನ್ನೇ ಇನ್ನೂ ನೋಡಿರಲಿಲ್ಲ, ಆಗಲೇ ಮಾವಾರ!) ಸೂಸಲದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಶೈಲಾ ಕಿಸಕ್ಕನೆ ನಕ್ಕಳು. ಆಕಳು ಅವನ ಮಾತು ಉಳಿಸಿ ಕರು ಹಾಕಿತು. "ಹುಡುಗನ ಕೈಗುಣ ಚಲೋ ಐತಿ" ಎಂದು ಮಾವ ಹೆಣ್ಣು ಕೊಟ್ಟರು.

ಆ ಕೈಗುಣವೇ ಅವನನ್ನು ಕುವೈತಿಗೆ ತಂದಿತು. ಸುಲೈಬಿಯಾದ ಡೇರಿಯಲ್ಲಿ ಕೆಲಸ, ಅಬ್ಬಾಸಿಯಾದಲ್ಲಿ ಬಾಡಿಗೆ ಮನೆ. ಊರ ದನಕ್ಕೆಲ್ಲ ಫಲಿಸಿದ್ದ ಕೈ ಸ್ವಂತ ಮನೆಗೆ ಮಾತ್ರ ಫಲಿಸಲಿಲ್ಲ. ಹತ್ತು ವರ್ಷವಾದರೂ ತೊಟ್ಟಿಲು ತೂಗಲಿಲ್ಲ. ಈಗ ಡೇರಿಯಲ್ಲೂ ಅದೇ ಕಥೆ. ಆ ಬಿಸಿಲಿಗೆ ಹಸುಗಳು ಬೆದೆಗೆ ಬರುವುದನ್ನೇ ಮರೆತಿದ್ದವು. ಅವನಿಗೆ ವೀಸಾ ಕೊಟ್ಟ ಡೇರಿಯ ಧಣಿ, ಕಫೀಲ್, ತನ್ನ ಮುದ್ದಿನ ಆಕಳು ಲೂಲೂವಿನ ಬೆನ್ನು ಸವರುತ್ತ, "ಈ ಬೇಸಿಗೆ ಇದು ಗಬ್ಬವಾಗದಿದ್ದರೆ ನಿನ್ನ ಡಾಕ್ಟರಿಕೆ ಖಲಾಸ್" ಎಂದಿದ್ದ.

"ಹಾರ್ಮೋನ್ ಸೂಜಿ ಹಾಕ್ತೀನಿ. ಬೆದಿ ಬರೂದು ಬಿಡೂದು ಇನ್ನ ನನ್ನ ಕೈಯಾಗೈತಿ" ಎಂದ ಚನ್ನಬಸಯ್ಯ, ಮನೆಯಲ್ಲಿ ಶೈಲಾಳೆದುರು ರೊಟ್ಟಿ ಮುರಿಯುತ್ತ.

"ಈ ಸೆಕಿಯೊಳಗ ನೀವು ಬಾಜೂ ಕುಂತ್ರ ನನಗs ಬ್ಯಾಡಾಗತೈತಿ. ಪಾಪ, ಅದಕ್ಕ ಸೂಜಿ ಬ್ಯಾರೆ! ಮೊದಲ ಫ್ಯಾನ್ ಹಚ್ರಿ, ಮೈಮ್ಯಾಲ ನೀರ ಚಿಮಕಸ್ರಿ."

"ಫ್ಯಾನ್ ಹಚ್ಚಾಕ ನಾ ಡಿಗ್ರಿ ಓದೀನೇನ?"

ಸೂಜಿ ಹಾಕಿದ, ಒಳಗೆ ಹಾರ್ಮೋನಿನ ಸಾಧನವಿಟ್ಟು ತೆಗೆದ, ಮತ್ತೆ ಸೂಜಿ ಹಾಕಿದ, ಕೃತಕ ಗರ್ಭಧಾರಣೆ ಮಾಡಿದ. ಎರಡನೇ ತಿಂಗಳು ಕೈಹಾಕಿ ನೋಡಿದರೆ ಗಬ್ಬ ನಿಂತಿತ್ತು! ಡೇರಿಗೆ ಹೊಸ ಸ್ಕ್ಯಾನಿಂಗ್ ಯಂತ್ರ ಬಂದು ಕೂತಿತ್ತು. (ಅದರ ಡಬ್ಬ ಒಡೆಯುವುದು ಕೈಗುಣಕ್ಕೆ ಅವಮಾನವೆಂದು ಅವನ ನಂಬಿಕೆ.)

ಸುದ್ದಿ ಕೇಳಿ ಶೈಲಾ ಬೆರಳು ಮಡಚಿ ತಿಂಗಳು ಎಣಿಸಿದಳು. "ಹಂಗಾರ ಮೂರನೇ ತಿಂಗಳಿಗೆ ಕಳ್ಳ ಕುಬಸ ಮಾಡೂಣು."

ಬಸುರಿಗೆ ಗುಟ್ಟಾಗಿ ಹಸಿರು ಖಣ, ಹಸಿರು ಬಳೆ ಕೊಡುವ ಶಾಸ್ತ್ರ ಅದು. ಆಕಳಿಗೆ ಕುಬಸವೇ ಎಂದು ನಗಲು ಹೋದ ಚನ್ನಬಸಯ್ಯ ಹೆಂಡತಿಯ ಮುಖ ನೋಡಿ ನಗು ನುಂಗಿದ. "ನಮ್ಮ ಮನೀದು ಅಂತ ಒಂದರೆ ಆಗ್ಲಿ" ಎಂದಳು ಆಕೆ.

ಅಬ್ಬಾಸಿಯಾದಲ್ಲಿ ಗುಟ್ಟಿನ ಆಯುಷ್ಯ ಲಿಫ್ಟಿನ ಬಾಗಿಲವರೆಗೆ. ಆಕೆ ಹಸಿರು ಬಳೆ ಕೊಂಡಿದ್ದನ್ನು ಪಕ್ಕದ ಮನೆಯ ನರ್ಸ್ ಫೆಲ್ಸಿ ಕಂಡಿದ್ದಳು. ಕುಬಸಕ್ಕೆ ಗೊತ್ತುಮಾಡಿದ್ದ ಶುಕ್ರವಾರ ಬೆಳಿಗ್ಗೆ ಗಂಡ ಬರ್ನಾರ್ಡನನ್ನೂ ಎಳೆದುಕೊಂಡು ಬಂದೇಬಿಟ್ಟಳು.

"ಎಂತ ಮಾರಾಯ್ತಿ, ನನಗೂ ಹೇಳ್ಲಿಲ್ಲ ಅಲ್ಲ ನೀನು! ಎಷ್ಟು ತಿಂಗಳು?"

"ಮೂರು. ನನಗಲ್ರಿ ಅಕ್ಕಾರ, ಲೂಲೂಗ."

ಬರ್ನಾರ್ಡ್ ನಿಧಾನವಾಗಿ ಚನ್ನಬಸಯ್ಯನ ಕಡೆ ತಿರುಗಿದ. "ಲೂಲೂ ಯಾರು ಮಾರಾಯ್ರೆ?"

"ಆಕಳರೀ! ಡೇರಿ ಆಕಳು!" ಎಂದು ಒದರುವಷ್ಟರಲ್ಲಿ ಚನ್ನಬಸಯ್ಯನ ಅಂಗಿ ತೊಯ್ದು ಹೋಗಿತ್ತು.

ಫೆಲ್ಸಿ ತಾನೇ ಹೆಣೆದು ತಂದಿದ್ದ ಪುಟ್ಟ ಟೊಪ್ಪಿಗೆಯನ್ನು ಮೆಲ್ಲಗೆ ಚೀಲಕ್ಕೆ ತುರುಕತೊಡಗಿದಳು.

"ಕೊಡ್ರಿ ಅಕ್ಕಾರ" ಎಂದು ಶೈಲಾ ಕೈಚಾಚಿದಳು. "ಕರುವಿಗೆ ಆಗತೈತಿ."

ಬರ್ನಾರ್ಡನ ಕಾರಿನಲ್ಲಿ ನಾಲ್ವರೂ ಸುಲೈಬಿಯಾಕ್ಕೆ ಹೋದರು. ಶೈಲಾ ಲೂಲೂವಿನ ಕೊರಳಿಗೆ ಖಣ ಕಟ್ಟಿ, ಬಳೆ ಪೋಣಿಸಿದ ದಾರ ಹಾಕಿ, ಹೋಳಿಗೆ ತಿನ್ನಿಸಿದಳು. ಕಫೀಲನಿಗೆ ಎಲ್ಲಿಲ್ಲದ ಖುಷಿ. "ಯಲ್ಲಾ ಡಾಕ್ಟರ್, ಆ ಯಂತ್ರ ತೆಗೆ. ಎಲ್ಲರಿಗೂ ಕರು ತೋರಿಸು!"

ಚನ್ನಬಸಯ್ಯ ಮದುಮಗನ ಗತ್ತಿನಲ್ಲಿ ಡಬ್ಬ ಒಡೆದ. ಪರದೆಯ ಮೇಲೆ ಕರು ಇರಲಿಲ್ಲ. ಇನ್ನೊಮ್ಮೆ ನೋಡಿದ; ಮತ್ತೂ ಇರಲಿಲ್ಲ. ಗಬ್ಬ ಕಟ್ಟಿದ್ದೇನೋ ನಿಜ, ಸೆಕೆಗೆ ನಡುವೆಯೇ ಕರಗಿಹೋಗಿತ್ತು. ಇಂಥ ಪರದೆಗಳನ್ನು ಬಹಳ ನೋಡಿದ್ದ ಫೆಲ್ಸಿ ಎಲ್ಲರಿಗಿಂತ ಮೊದಲು ತಿಳಿದುಕೊಂಡು, ಶೈಲಾಳ ಮೊಣಕೈ ಹಿಡಿದಳು.

"ಖಲಾಸ್" ಎಂದ ಕಫೀಲ್, ಹೊರಟುಹೋದ.

ಚನ್ನಬಸಯ್ಯ ನಾಚಿಕೆಯಿಂದ ಖಣ ಬಿಚ್ಚಲು ಹೋದ. ಶೈಲಾ ಆ ಕೈಯನ್ನು ತಡೆದಳು.

"ಇರ್ಲಿ ಬಿಡ್ರಿ. ಆಕಿಗೇನ ಗೊತ್ತೈತಿ."

ಲೂಲೂ ಹೋಳಿಗೆ ಮೆಲುಕು ಹಾಕುತ್ತ ನಿಂತಿತ್ತು.

ಕಫೀಲ್ ಇಕಾಮಾ (ಕುವೈತಿನಲ್ಲಿರುವ ಪರವಾನಗಿ) ಕೀಳಲಿಲ್ಲ, ಕೆಲಸ ಮಾತ್ರ ಬದಲಿಸಿದ. ಸೂಜಿ ಹಾಕಲು ಬೇರೆ ಡಾಕ್ಟರ್ ಬಂದಿದ್ದಾನೆ. ಚನ್ನಬಸಯ್ಯ ಈಗ ಅದೇ ಡೇರಿಯಲ್ಲಿ ಹಸುಗಳಿಗೆ ಫ್ಯಾನ್ ಹಚ್ಚುತ್ತಾನೆ, ಮೈಮೇಲೆ ನೀರು ಚಿಮುಕಿಸುತ್ತಾನೆ.