ಒಬ್ಬರಾದರೂ ಹೆದರಬೇಕು

ನಂಜನಗೂಡಿನ ನಮ್ಮ ಪ್ರೆಸ್ಸಿನಲ್ಲಿ ಅಚ್ಚಾದದ್ದೆಷ್ಟೋ ಅಚಾತುರ್ಯವಾದದ್ದೂ ಅಷ್ಟೇ. ಮದುವೆ ಕಾರ್ಡಿನಲ್ಲಿ ವರನ ಜಾಗಕ್ಕೆ ಅವನ ಮಾವನ ಹೆಸರು ಬಂದು ಕೂತದ್ದುಂಟು. 'ಗೃಹಪ್ರವೇಶ' ಹೋಗಿ 'ಗ್ರಹಪ್ರವೇಶ'ವಾಗಿ, ಹೊಸ ಮನೆಯವರು ಶನಿಗೆ ಎಳ್ಳೆಣ್ಣೆ ದೀಪ ಹಚ್ಚಿದ್ದುಂಟು. ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುತ್ತಿದ್ದವಳು ನಾನೇ ಆದ್ದರಿಂದ ಬೈಗುಳಕ್ಕೂ ನಾನೇ ವಾರಸುದಾರಳು. ಆದರೆ ಇಸವಿ ಎರಡು ಸಾವಿರದ ಆಸುಪಾಸಿನಲ್ಲಿ ಮಾಡಿದ ಒಂದು ದೆವ್ವದ ಪೋಸ್ಟರು ನನ್ನನ್ನು ನಗಿಸಿದಷ್ಟು ಬೇರೆ ಯಾವುದೂ ನಗಿಸಿಲ್ಲ.

೧. ಮೇಷ್ಟ್ರ ಆಸೆ

ಟಿ. ನರಸೀಪುರದ ಹೈಸ್ಕೂಲಿನಲ್ಲಿ ನನಗೆ ಡ್ರಾಯಿಂಗ್ ಕಲಿಸಿದ ಮೇಷ್ಟ್ರು, ರಿಟೈರಾದ ಮೇಲೆ ಒಂದು ದೆವ್ವದ ಕಥೆ ಬರೆದು ಪುಟಪುಟಕ್ಕೂ ತಾವೇ ಚಿತ್ರ ಬಿಡಿಸಿದ್ದರು. ಪುಸ್ತಕ ನಮ್ಮಲ್ಲೇ ಅಚ್ಚಾಗಿತ್ತು. ಭಾನುವಾರ ಬೆಳಿಗ್ಗೆ ಅದೇ ಶಾಲೆಯ ಹಾಲಿನಲ್ಲಿ ಬಿಡುಗಡೆ. ಪೋಸ್ಟರು ಬೇಕು ಎಂದು ಬಂದರು.

"ಕೂಗಾಡೋ ಪೋಸ್ಟರ್ ಬೇಡ ಕಣಮ್ಮ. ಪೂರ್ತಿ ಕಪ್ಪು. ಮಧ್ಯೆ ಒಂದು ಬಾಗಿಲು, ಅರ್ಧ ತೆಗೆದಿರಬೇಕು. ಕೆಳಗೆ ಪುಸ್ತಕದ ಹೆಸರು, ದಿನ, ಜಾಗ. ಮುಗೀತು. ಉಪ್ಪಿನಕಾಯಿ ಎಲೆ ತುದೀಲಿದ್ರೇ ಚೆನ್ನ."

ಅಲ್ಲೇ ಕೂತಿದ್ದ ನಮ್ಮ ಪ್ರೆಸ್ಸಿನ ಸಾಹುಕಾರರಿಗೆ ಸಮಾಧಾನವಾಗಲಿಲ್ಲ. "ಅಲ್ಲಾ ಮೇಷ್ಟ್ರೇ, ದೆವ್ವದ ಪೋಸ್ಟರಲ್ಲಿ ದೆವ್ವನೇ ಬೇಡ್ವಾ? ಬಿಳೀ ಸೀರೆ ಉಡ್ಸಿ, ಪಾದ ಹಿಂದುಮುಂದು ಮಾಡಿ ನಿಲ್ಸಿ."

"ಪಾದ ತಿರುಗಿರುತ್ತೆ ಅನ್ನೋದೆಲ್ಲ ಮೂಢನಂಬಿಕೆ," ಎಂದು ಮೇಷ್ಟ್ರು ತಳ್ಳಿಹಾಕಿದರು.

ಅವರ ಹಟಕ್ಕೆ ಕಾರಣ ನನಗೆ ಗೊತ್ತಿತ್ತು. ಹಿಂದೊಮ್ಮೆ ಶಾಲೆಯ ನಾಟಕಕ್ಕೆಂದು ಅವರು ಪರದೆಯ ಮೇಲೆ ಆಳೆತ್ತರದ ದೆವ್ವ ಬರೆದಿದ್ದರು. ಅದು ಕಂಡೊಡನೆ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, "ನಮಸ್ತೆ ಹೆಡ್‌ಮೇಷ್ಟ್ರೇ" ಎಂದು ಕೈ ಮುಗಿದಳು. ಅವತ್ತು ನಗಲು ಶುರು ಮಾಡಿದ ಊರು ಇನ್ನೂ ನಿಲ್ಲಿಸಿರಲಿಲ್ಲ.

"ಈ ಸಲ ಒಬ್ಬರಾದರೂ ಹೆದರಬೇಕು ಕಣಮ್ಮ, ಒಬ್ಬರು ಸಾಕು," ಎಂದು ಮೇಷ್ಟ್ರು ದನಿ ತಗ್ಗಿಸಿದರು. ನನಗೆ ಪಾಪ ಅನ್ನಿಸಿತು. ಬಾಗಿಲೇ ಯಾಕೆ ಎಂದು ಕೇಳಿದೆ.

"ಹೆಡ್‌ಮೇಷ್ಟ್ರ ಹೋಲಿಕೆ ಬರದೇ ಇರೋದು ಅದೊಂದೇ."

೨. ಮೊದಲು ಹೆದರಿದವರು

ಮೊದಲು ಕೈಯಲ್ಲೇ ಒಂದು ಮಾದರಿ ಬರೆದೆ. ಹಾಳೆ ತುಂಬ ಕಪ್ಪು ಬಳಿದು, ಒಣಗಲೆಂದು ಪ್ರೆಸ್ಸಿನ ಬಾಗಿಲ ಪಕ್ಕ ತೂಗುಹಾಕಿದೆ.

ಆ ಬೀದಿಯ ಅಕ್ಕಿ ವ್ಯಾಪಾರಿಯೊಬ್ಬರು ಹಾದುಹೋಗುತ್ತಿದ್ದವರು ಅದನ್ನು ಕಂಡು ನಿಂತರು. ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಮೇಲಿನ ವಲ್ಲಿ ಕೈಗೆ ತೆಗೆದುಕೊಂಡು ಒಳಗೆ ಬಂದರು.

"ಯಾವಾಗ ಹೋದ್ರಮ್ಮ ಸಾಹುಕಾರ್ರು? ಮೊನ್ನೆ ಚೆನ್ನಾಗೇ ಮಾತಾಡಿದ್ರಲ್ಲ."

ನಾನು ಬಾಯಿ ತೆರೆಯುವುದರೊಳಗೆ ಹಿಂದಿನ ಕೋಣೆಯ ಪರದೆ ಸರಿಯಿತು. ಪೂಜೆ ಮುಗಿಸಿದ್ದ ಸಾಹುಕಾರರು ಹಣೆ, ಎದೆ, ತೋಳಿಗೆಲ್ಲ ವಿಭೂತಿ ಬಳಿದುಕೊಂಡು, ಬಿಳಿ ಪಂಚೆಯಲ್ಲಿ ಬಂದು, "ಬನ್ನಿ ಬನ್ನಿ, ನಿಮ್ಮನ್ನೇ ನೆನೆಸ್ಕೊಂಡೆ" ಎಂದರು. ವ್ಯಾಪಾರಿಯ ಚಪ್ಪಲಿ ಸಂಜೆಯವರೆಗೂ ನಮ್ಮ ಬಾಗಿಲಲ್ಲೇ ಇತ್ತು.

ಮೇಷ್ಟ್ರಿಗೆ ಫೋನು ಮಾಡಿ, ಒಬ್ಬರು ಹೆದರಿದರು ಎಂದು ಖುಷಿಯಿಂದ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅವರು ಹೆದರಿದ್ದು ಸಾಹುಕಾರರಿಗೆ ಕಣಮ್ಮ. ನನ್ನ ಚಿತ್ರಕ್ಕಲ್ಲ. ಲೆಕ್ಕಕ್ಕಿಲ್ಲ."

೩. ಬೆಕ್ಕಿನ ಪ್ರಶ್ನೆ

ಮಾದರಿಯನ್ನು ಮೇಷ್ಟ್ರಿಗೆ ತೋರಿಸಲು ನರಸೀಪುರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹಿರಿಯರು ಮೂರು ಸ್ಟಾಪು ಅದನ್ನೇ ನೋಡಿದರು. ಇವರಾದರೂ ಹೆದರುತ್ತಿದ್ದಾರೆ ಎಂದುಕೊಂಡೆ. ನಾಲ್ಕನೇ ಸ್ಟಾಪಿನಲ್ಲಿ ಬಾಯಿ ಬಿಟ್ಟರು. "ಕೀಲು ಇಳ್ದೈತೆ ಕಣವ್ವ. ಅದ್ಕೇ ಬಾಗ್ಲು ಮುಚ್ತಾ ಇಲ್ಲ. ಆಚಾರಿಗೆ ಏಳು."

ಮೇಷ್ಟ್ರು ಮಾತ್ರ ಚಿತ್ರವನ್ನು ಗೋಡೆಗೆ ಒರಗಿಸಿ, ದೂರ ನಿಂತು, ಹತ್ತಿರ ಬಂದು, ಬಹಳ ಹೊತ್ತು ನೋಡಿ ಸಂತೋಷಪಟ್ಟರು. ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು. ಮೇಷ್ಟ್ರು ನನಗೆ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿ, ಉಸಿರು ಬಿಗಿಹಿಡಿದು ಕಾದರು.

ಅಮ್ಮ ಲೋಟ ಕೆಳಗಿಟ್ಟು ಚಿತ್ರವನ್ನು ದಿಟ್ಟಿಸಿದರು.

"ಹೊರಗೆ ಹೋಗುವಾಗ ಬಾಗಿಲು ಹಾಕ್ಕೊಳ್ಳಿ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ. ನೋಡಮ್ಮ, ಚಿತ್ರದಲ್ಲೂ ತೆಗೆದೇ ಇಟ್ಟಿದ್ದಾರೆ. ಬೆಕ್ಕು ನುಗ್ಗದೆ ಇನ್ನೇನು ಮಾಡುತ್ತೆ?"

೪. ಪ್ರಸನ್ನ

ಹೆಮ್ಮಿಗೆಯಿಂದ ಬಂದು ನಮ್ಮಲ್ಲಿ ಮೆಷಿನ್ ಓಡಿಸುತ್ತಿದ್ದವನಿಗೆ ಒಂದು ನೇಮವಿತ್ತು. ಹಾಳೆಯ ನೆತ್ತಿಯ ಮೇಲೆ 'ಶ್ರೀ ನಂಜುಂಡೇಶ್ವರ ಪ್ರಸನ್ನ' ಎಂದಿರದಿದ್ದರೆ ಮೆಷಿನ್ ಮುಟ್ಟುತ್ತಿರಲಿಲ್ಲ. ಮೂಲವ್ಯಾಧಿ ಔಷಧದ ಕರಪತ್ರಕ್ಕೂ ಹಾಕಿಸಿದ್ದ.

"ದ್ಯಾವ್ರ ಎಸ್ರಿಲ್ದೆ ಮಿಷನ್ ತಿರುಗಕ್ಕಿಲ್ಲ ಸಾ," ಎಂದು ಅಚ್ಚಿನ ದಿನ ಪ್ರೆಸ್ಸಿಗೆ ಬಂದಿದ್ದ ಮೇಷ್ಟ್ರಿಗೂ ಹೇಳಿದ.

"ಮೇಲೆ ದೇವರ ಹೆಸರಿದ್ದರೆ ಕೆಳಗೆ ದೆವ್ವ ಹೇಗಯ್ಯಾ ಬರುತ್ತೆ?" ಎಂದರು ಮೇಷ್ಟ್ರು.

"ಅದ್ಕೇ ಸಾ ನಾನು ಏಳ್ತಿರೋದು."

ಕೊನೆಗೆ ಸಾಹುಕಾರರೇ ರಾಜಿ ಮಾಡಿಸಿದರು. ದೇವರ ಹೆಸರು ಹಾಕಿಯೇ ಅಚ್ಚು ಮಾಡುವುದು, ಆಮೇಲೆ ಆ ಪಟ್ಟಿಯನ್ನು ಮಾತ್ರ ಕತ್ತರಿಸಿ ತೆಗೆಯುವುದು. ಮೆಷಿನ್ನಿನವನು ತಲೆ ಕೆರೆದುಕೊಂಡು ಒಪ್ಪಿದ. ಶುಕ್ರವಾರ ಊರಿಗೆ ಹೋಗುತ್ತ ನರಸೀಪುರದಲ್ಲಿ ಪೋಸ್ಟರು ಅಂಟಿಸುವ ಕೆಲಸವೂ ಅವನದೇ ಆಗಿತ್ತು.

"ಕತ್ತರ್ಸಿದ ಪಟ್ಟೀನ ನಂಗೇ ಕೊಟ್ಬುಡಿ ಸಾ," ಎಂದ. "ಜೇಬಲ್ಲಿ ಮಡಿಕ್ಕತೀನಿ. ಆ ದೆವ್ವದ ಜೊತೆ ಬಸ್ಸಲ್ಲಿ ಓಗೋನು ನಾನಲ್ವಾ?"

೫. ಹೆಸರಿಲ್ಲದ ಜಾಗ

ಭಾನುವಾರ ಶಾಲೆಯ ಹಾಲ್ ತುಂಬಿ ಜನ ಕಿಟಕಿಯಲ್ಲಿ ನಿಂತಿದ್ದರು. ಅದಿರಲಿ, ನಾನು ಹೇಳಬೇಕಾದದ್ದು ಶನಿವಾರದ ಮಾತು.

ಅವತ್ತು ಬೆಳಿಗ್ಗೆ ಪ್ರೆಸ್ಸಿನಲ್ಲಿ ಉಳಿದಿದ್ದ ಒಂದು ಪೋಸ್ಟರನ್ನು ಬಿಡಿಸಿ ನೋಡಿದೆ. ಕಪ್ಪು ಚೆನ್ನಾಗಿ ಬಂದಿತ್ತು. ಬಾಗಿಲು, ಪುಸ್ತಕದ ಹೆಸರು, ದಿನ, ಜಾಗ ಎಲ್ಲ ಸರಿಯಿತ್ತು. ಎಲ್ಲಕ್ಕಿಂತ ಕೆಳಗೆ, ಇರಬಾರದ ಜಾಗದಲ್ಲಿ, ಸಣ್ಣ ಬಿಳಿ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು.

'ತಮ್ಮ ಸುಖಾಗಮನವನ್ನು ಬಯಸುವ'

ಅಷ್ಟೇ. ಆಮೇಲೆ ಬರೀ ಕಪ್ಪು.

ತಪ್ಪು ನನ್ನದೇ. 'ಪ್ರಸನ್ನ'ದ ಸಾಲನ್ನು ಹೊಸದಾಗಿ ಟೈಪು ಮಾಡಲು ಸೋಮಾರಿತನವಾಗಿ, ಮದುವೆ ಕಾರ್ಡಿನ ಮಾದರಿಯಿಂದ ಎತ್ತಿಕೊಂಡಿದ್ದೆ. ಮೇಲಿನ ಸಾಲನ್ನು ಎಳೆದರೆ ಕೆಳಗಿನದೂ ಅಂಟಿಕೊಂಡು ಬಂದಿತ್ತು. ಕಾರ್ಡಿನಲ್ಲಾದರೆ ಅದರ ಕೆಳಗೆ ಹುಡುಗಿಯ ಅಪ್ಪ ಅಮ್ಮನ ಹೆಸರಿರುತ್ತದೆ. ಇಲ್ಲಿ ಯಾರ ಹೆಸರೂ ಇರಲಿಲ್ಲ.

ಮೇಷ್ಟ್ರ ಮಾನ ಮತ್ತೆ ಹೋಯಿತು, ಈ ಸಲ ನನ್ನ ಕೈಯಿಂದ, ಎಂದುಕೊಂಡೆ. ಕಪ್ಪು ಮಾರ್ಕರ್ ಪೆನ್ನು ಹಿಡಿದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಊರವರ ನಗು ಕಿವಿಯಲ್ಲಿ ಕೇಳುತ್ತಿತ್ತು.

ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಪೋಸ್ಟರಿನ ಮುಂದೆ ಏಳೆಂಟು ಜನ ಸೇರಿದ್ದರು. ಒಬ್ಬರೂ ನಗುತ್ತಿರಲಿಲ್ಲ.

"ಬಯಸುವ ಅಂತ ಬರ್ದವ್ರೆ," ಎಂದ ಒಬ್ಬ. "ಯಾರ್ಲಾ ಬಯಸೋರು?"

"ಎಸ್ರೇ ಇಲ್ವಲ್ಲಾ," ಎಂದ ಇನ್ನೊಬ್ಬ. ಇಬ್ಬರೂ ಅರೆತೆರೆದ ಬಾಗಿಲನ್ನು ಮತ್ತೆ ನೋಡಿದರು. ಆಮೇಲೆ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ನಾನು ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡೆ.

ಮೇಷ್ಟ್ರ ಮನೆಗೆ ಹೋದರೆ, ಯಾವತ್ತೂ ತೆರೆದೇ ಇರುತ್ತಿದ್ದ ಬಾಗಿಲು ಮುಚ್ಚಿತ್ತು. ಮೇಷ್ಟ್ರು ಹಾಲಿನ ಪಾಕೆಟ್ಟು ಹಿಡಿದು ಜಗಲಿಯ ಮೇಲೆ ಕೂತಿದ್ದರು. ಮುಖ ಅರಳಿತ್ತು.

"ಹೆದರಿದ್ದಾಳೆ ಕಣಮ್ಮ. ತರಕಾರಿಗೆ ಹೋದೋಳು ಪೋಸ್ಟರ್ ಓದ್ಕೊಂಡು ಬಂದು ಚಿಲಕ ಹಾಕ್ಕೊಂಡಿದ್ದಾಳೆ. ನನಗೂ ತೆಗೀತಿಲ್ಲ."

ಆ ಸಾಲು ನನ್ನ ತಪ್ಪಿನಿಂದ ಬಂದದ್ದು ಎಂದು ಒಪ್ಪಿಕೊಂಡೆ.

"ತಪ್ಪಾ? ಮೂವತ್ತು ವರ್ಷ ಬ್ರಷ್ಷು ಹಿಡಿದು ನನ್ನ ಕೈಲಾಗದ್ದನ್ನ ನೀನು ಅರ್ಧ ವಾಕ್ಯದಲ್ಲಿ ಮಾಡಿಬಿಟ್ಟೆ," ಎಂದರು. ನನಗೆ ಸಂತೋಷಕ್ಕೆ ಕಣ್ಣು ತುಂಬಿತು. ಮೇಷ್ಟ್ರು ಎದ್ದು ಇನ್ನೊಮ್ಮೆ ಬಾಗಿಲು ತಟ್ಟಿದರು.

"ಯಾರು?" ಒಳಗಿನಿಂದ ಅಮ್ಮನ ದನಿ.

"ನಾನು ಕಣೇ."

"ನಾನು ಅಂದ್ರೆ? ಹೆಸರು ಹೇಳಿ. ಹೆಸರಿಲ್ಲದೋರಿಗೆ ತೆಗೆಯಲ್ಲ."

ಮೇಷ್ಟ್ರು ಇನಿಶಿಯಲ್ ಸಮೇತ ಹೆಸರು ಹೇಳಿ, 'ನಿವೃತ್ತ ಚಿತ್ರಕಲಾ ಶಿಕ್ಷಕರು' ಎಂದೂ ಸೇರಿಸಿದರು.

"ಜೊತೇಲಿ ಇನ್ಯಾರೋ ಮಾತಾಡಿದ ಹಾಗಾಯ್ತು?"

"ಪ್ರೆಸ್ಸಿನ ಹುಡುಗಿ ಕಣೇ. ನಂಜನಗೂಡಿಂದ ಬಂದಿದ್ದಾಳೆ."

ಅಮ್ಮನ ದನಿ ಬಾಗಿಲಿಗೆ ಇನ್ನೂ ಹತ್ತಿರ ಬಂತು.

"ಅವಳ ಪಾದ ಯಾವ ಕಡೆಗಿದೆ ನೋಡಿ."

"ಅದೆಲ್ಲ ಮೂಢನಂಬಿಕೆ ಕಣೇ," ಎಂದು ಮೇಷ್ಟ್ರು ಜೋರಾಗಿ ನಕ್ಕರು. ನಕ್ಕವರು ಹಾಲಿನ ಪಾಕೆಟ್ಟನ್ನು ಜಗಲಿಯ ಮೇಲಿಟ್ಟು, ಮೆಲ್ಲಗೆ ಬಗ್ಗಿ ನೋಡಿದರು.