ಆನೆ ಕಾಣದ ವ್ಯಾನು

ಬೇರೆಯವರಿಗೆ ಇಂಥ ಫಜೀತಿಗಳು ಯಾವಾಗಲೋ ಒಮ್ಮೆ ಆಗುತ್ತವೆ. ನನಗೆ ಮಾತ್ರ ಮಾಮೂಲಿ ದಿನಗಳಲ್ಲಿ ವಾರಕ್ಕೊಂದು, ಸ್ಕೂಲುಗಳಿಗೆ ರಜಾ ಬಂದರೆ ದಿನಕ್ಕೊಂದು.

ತೊಂಬತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯಲ್ಲಿ ಒಂದು ಬಿಳಿ ವ್ಯಾನು ಓಡಿಸುತ್ತಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜಿನ ಮ್ಯಾನೇಜರು ನನಗೆ ಪಾರ್ಟಿ ಕೊಡುತ್ತಿದ್ದರು. ಪಾರ್ಟಿ ಎಂದರೆ ಊರು ನೋಡಲು ಬಂದವರು. ಅವರನ್ನು ಹತ್ತಿಸಿಕೊಂಡು ಗೋಪಾಲಸ್ವಾಮಿ ಬೆಟ್ಟ, ಬಂಡೀಪುರದ ರಸ್ತೆ, ಚಾಮರಾಜನಗರದ ಕಡೆ ಹೋದರೆ ಸುವರ್ಣಾವತಿ ಅಣೆಕಟ್ಟು, ಬಿಳಿಗಿರಿರಂಗನ ಬೆಟ್ಟ, ಇಷ್ಟನ್ನೂ ತೋರಿಸಿ ವಾಪಸು ತಂದು ಬಿಡುವುದು ನನ್ನ ಕೆಲಸ.

ಗಾಡಿ ಚೆನ್ನಾಗಿತ್ತು, ನನ್ನ ಕೈಯೂ ಚೆನ್ನಾಗಿತ್ತು. ಕೊರತೆ ಒಂದೇ. ನನ್ನ ವ್ಯಾನಿಗೆ ಆನೆ ಕಾಣುತ್ತಿರಲಿಲ್ಲ. ನಮ್ಮ ಸ್ಟ್ಯಾಂಡಿನಲ್ಲೇ ಒಬ್ಬ ಜೀಪಿನವನಿದ್ದ. ಅವನ ಜೀಪು ಕಾಡಿಗೆ ಹೊಕ್ಕರೆ ಸಾಕು, ಆನೆಗಳು ಮಕ್ಕಳುಮರಿಗಳನ್ನೆಲ್ಲ ಕರೆದುಕೊಂಡು ರಸ್ತೆ ಪಕ್ಕ ಬಂದು ನಿಲ್ಲುತ್ತಿದ್ದವು. ಅದೇ ರಸ್ತೆಯಲ್ಲಿ ಐದು ನಿಮಿಷ ಬಿಟ್ಟು ನಾನು ಹೋದರೆ ಒಂದು ಕೋತಿಯೂ ಮುಖ ತೋರಿಸುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಸ್ಟ್ಯಾಂಡಿನ ಎದುರು ಟೀ ಅಂಗಡಿ ಇಟ್ಟಿದ್ದ ಮಲಯಾಳಿ ಕಾಕಾ ಬೇರೆ, ನಾನು ಅವಸರದಲ್ಲಿ ಲೋಟ ಎತ್ತಿದರೆ ಸಾಕು, "ನಿಧಾನ ಕುಡಿಯಪ್ಪಾ, ಅಲ್ಲಿ ನಿನಗೋಸ್ಕರ ಯಾರೂ ಕಾಯ್ತಾ ಇಲ್ಲ" ಎನ್ನುತ್ತಿದ್ದರು.

೧. ಹತ್ತಿರದ ಕೇರಳ

ಬೆಂಗಳೂರಿನ ಒಬ್ಬ ಆಫೀಸರು ಹೆಂಡತಿಯ ಜೊತೆ ಗೋಪಾಲಸ್ವಾಮಿ ಬೆಟ್ಟಕ್ಕೆ ಬಂದಿದ್ದರು. ಕುತ್ತಿಗೆಯಲ್ಲಿ ಹೊಸ ಕ್ಯಾಮೆರಾ. ಮೇಲೆ ಹೋದರೆ ಮಂಜೋ ಮಂಜು. ನನ್ನ ಕೈ ನನಗೇ ಕಾಣುತ್ತಿಲ್ಲ.

"ಡ್ರೈವರ್, ಇಲ್ಲಿಂದ ಏನೇನು ಕಾಣುತ್ತೆ?" ಎಂದರು.

ಏನೂ ಕಾಣಲ್ಲ ಸಾರ್ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆನೆಯನ್ನಂತೂ ತೋರಿಸಲಾಗಲಿಲ್ಲ, ಇದನ್ನಾದರೂ ತೋರಿಸೋಣ ಅನ್ನಿಸಿತು. ಕೈ ಚಾಚಿ, "ಅದು ಕೇರಳ ಸಾರ್, ವಯನಾಡಿನ ಕಾಡು. ಹಿಂಗೆ ತಿರುಗಿದ್ರೆ ನೀಲಗಿರಿ" ಎಂದೆ. ಅವರು ಪಟಪಟನೆ ಫೋಟೋ ಹೊಡೆದರು.

"ನನಗೇನೂ ಕಾಣಿಸ್ತಿಲ್ವಲ್ರೀ" ಎಂದರು ಹೆಂಡತಿ.

"ಕಣ್ಣಿಗೆ ಕಾಣಲ್ಲ ಕಣೇ, ಲೆನ್ಸಿಗೆ ಕಾಣುತ್ತೆ. ಈ ಕ್ಯಾಮೆರಾ ಅಂಥದ್ದು."

ಮೂವತ್ತಾರು ಫೋಟೋದ ರೀಲು ಪೂರ್ತಿ ಮುಗಿಯಿತು. ಮುಗಿಯುವುದನ್ನೇ ಕಾಯುತ್ತಿದ್ದ ಹಾಗೆ ಗಾಳಿ ಬೀಸಿ ಮಂಜು ಸರಿಯಿತು. ನೋಡಿದರೆ ನಾವು ಮೂವರೂ ದೇವಸ್ಥಾನದ ಹಿಂದಿನ ಗೋಡೆಗೆ ಮುಖ ಮಾಡಿಕೊಂಡು ನಿಂತಿದ್ದೇವೆ. ಗೋಡೆಯ ಮೇಲೆ ಯಾವ ಪುಣ್ಯಾತ್ಮನೋ ಆ ಚಳಿಯಲ್ಲಿ ಪಂಚೆ ಒಣಗಲು ಹಾಕಿದ್ದಾನೆ.

ಹೆಂಡತಿ ಶಾಲು ಸರಿಮಾಡಿಕೊಂಡು ಹೇಳಿದರು: "ಕೇರಳ ಇಷ್ಟು ಹತ್ತಿರ ಅಂತ ಗೊತ್ತೇ ಇರಲಿಲ್ಲ. ಅವರು ಬಟ್ಟೆ ಒಣಗಿಸೋದೂ ಕಾಣುತ್ತಲ್ರೀ!"

೨. ಹಸಿ ಲದ್ದಿ

ಆನೆ ಸಿಗದ ದಿನ ಪಾರ್ಟಿಯವರ ಮುಖ ಬಾಡಿರುತ್ತದಲ್ಲ, ಅದಕ್ಕೆ ನನ್ನ ಬಳಿ ಒಂದು ಔಷಧಿ ಇತ್ತು. ಬಂಡೀಪುರದ ರಸ್ತೆಯ ಒಂದು ತಿರುವಿನಲ್ಲಿ ಆನೆ ಲದ್ದಿ ಬಿದ್ದಿತ್ತು. ರೇಡಿಯೇಟರ್ ನೋಡುವ ನೆಪದಲ್ಲಿ ಮೊದಲು ಇಳಿದು, ಕ್ಯಾನಿನ ನೀರನ್ನು ಅದರ ಮೇಲೆ ಚಿಮುಕಿಸಿ, ಆಮೇಲೆ ಎಲ್ಲರನ್ನೂ ಕರೆಯುತ್ತಿದ್ದೆ. "ನೋಡಿ, ಇನ್ನೂ ಹಸಿಯಾಗಿದೆ. ಈಗ ತಾನೇ ಹೋಗಿದೆ. ಐದೇ ನಿಮಿಷ ತಪ್ಪೋಯ್ತು!" ಜನಕ್ಕೆ ಎಷ್ಟೋ ಸಮಾಧಾನ ಆಗುತ್ತಿತ್ತು. ಕೆಲವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದೂ ಉಂಟು.

ಒಂದು ಸಲ ಮೈಸೂರಿನ ಟೀಚರಮ್ಮ ಒಬ್ಬರು ಬಗ್ಗಿ ನೋಡಿ, ಎದ್ದು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಹೋದ ದಸರಾ ರಜದಲ್ಲೂ ನಿಮ್ಮ ವ್ಯಾನಲ್ಲೇ ಬಂದಿದ್ದೆ. ಆಗಲೂ ಇದನ್ನೇ ತೋರಿಸಿದ್ರಿ" ಎಂದರು. "ಆಗ ಸ್ವಲ್ಪ ದೊಡ್ಡದಿತ್ತು."

೩. ಅಣೆಕಟ್ಟಿನ ಮೇಲೆ ಮದುಮಕ್ಕಳು

ಚಂದಕವಾಡಿಯ ಕಡೆಯ ಹೊಸ ಮದುಮಕ್ಕಳು ಸುವರ್ಣಾವತಿ ಅಣೆಕಟ್ಟು ನೋಡಬೇಕೆಂದು ವ್ಯಾನು ಹೇಳಿದರು. ಹೋಗಿ ನಿಂತರೆ ಹತ್ತಿದವರು ಹದಿಮೂರು ಜನ. ಹುಡುಗನ ಅವ್ವ, ಅಪ್ಪ, ಹುಡುಗಿಯ ಚಿಕ್ಕಮ್ಮಂದಿರು, ಒಬ್ಬರು ಅಜ್ಜಿ, ಅಜ್ಜಿಯ ಗೆಳತಿ. "ಇಬ್ಬರೇ ಎಂಗೆ ಓಗಾರು? ಗಾಡೀಲಿ ಜಾಗ ಅದೆಯಲ್ಲ" ಎಂದರು ಹುಡುಗನ ಅವ್ವ.

ಅಣೆಕಟ್ಟಿನ ಏರಿಯ ಮೇಲೆ ಹುಡುಗನಿಗೆ ಒಂದೇ ಆಸೆ. ಹೆಂಡತಿಯ ಪಕ್ಕ ನಿಂತು, ಹಿಂದೆ ನೀರು ಕಾಣುವ ಹಾಗೆ, ಇಬ್ಬರದೇ ಒಂದು ಫೋಟೋ. ಕ್ಯಾಮೆರಾ ನನ್ನ ಕೈಗೆ ಕೊಟ್ಟಿದ್ದ. ನಾನು ಕಣ್ಣಿಗೆ ಹಿಡಿಯುವಷ್ಟರಲ್ಲಿ ಚಿಕ್ಕಮ್ಮಂದಿರು ಬಂದು ಸೇರಿಕೊಳ್ಳುತ್ತಿದ್ದರು. ಅವರನ್ನು ಸರಿಸಿದರೆ ಅಜ್ಜಿ. ಅಜ್ಜಿಯನ್ನು ಕೂರಿಸಿ ಬಂದರೆ ಅಜ್ಜಿಯ ಗೆಳತಿ. ಕೊನೆಗೆ ಆ ಹುಡುಗ ನನ್ನ ಕಿವಿಯಲ್ಲಿ, "ಅಣ್ಣಾ, ನಿಮ್ ದಮ್ಮಯ್ಯ, ಐದೇ ಐದು ನಿಮಿಷ ಇವ್ರನ್ನೆಲ್ಲ ಎತ್ಲಾಗಾದ್ರೂ ಕಳಿಸಿ" ಎಂದ.

ಪಾಪ ಅನ್ನಿಸಿತು. ಗಂಟಲು ಸರಿಮಾಡಿಕೊಂಡು, "ಅಗೋ! ಆ ತುದೀಲಿ ನೀರು ಕುಡಿಯಕ್ಕೆ ಆನೆ ಬಂದದೆ!" ಎಂದು ಕೂಗಿದೆ.

ಹನ್ನೆರಡು ಜನ ಸೀರೆ, ಪಂಚೆ ಎತ್ತಿಕೊಂಡು ಓಡಿದರು. ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು ಮದುಮಗಳು.

ಆ ದಿನದ ಫೋಟೋ ಅವರ ಮನೆಯಲ್ಲಿ ಈಗಲೂ ಇರಬೇಕು. ಹಿಂದೆ ನೀರು, ಮುಂದೆ ಹುಡುಗ ಒಬ್ಬನೇ.

೪. ರಂಗಪ್ಪನ ಚಪ್ಪಲಿ

ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ವಾಮಿಗೆ ಭಕ್ತರು ದೊಡ್ಡ ದೊಡ್ಡ ಚರ್ಮದ ಚಪ್ಪಲಿ ಮಾಡಿಸಿ ಒಪ್ಪಿಸುತ್ತಾರೆ. ಹೋದವರ ತಲೆಗೆ ಅದನ್ನು ಮುಟ್ಟಿಸಿ ಆಶೀರ್ವಾದ ಮಾಡುವುದು ಅಲ್ಲಿನ ಪದ್ಧತಿ.

ಸಂತೆಮರಹಳ್ಳಿಯ ಯಜಮಾನರೊಬ್ಬರು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಟರು. ವ್ಯಾನು ಹತ್ತಿದಾಗಿನಿಂದ ಅವರ ಬಾಯಿ ನಿಂತದ್ದಿಲ್ಲ. ಕಿಟಕಿ ತೆಗೆದವರಿಗೆ ಬೈಗುಳ, ಮುಚ್ಚಿದವರಿಗೆ ಬೈಗುಳ. ಪುಳಿಯೋಗರೆಗೆ ಉಪ್ಪು ಜಾಸ್ತಿಯಂತೆ. ನಾನು ಗೇರು ಹಾಕಿದ್ದು ತಪ್ಪಂತೆ. ಆನೆ ಕಾಣದ್ದಕ್ಕೂ ಹೆಂಡತಿಯೇ ಕಾರಣವಂತೆ, ಹೊರಡುವಾಗ ತಡ ಮಾಡಿದಳಂತೆ. ಆ ತಾಯಿ ಒಂದು ಮಾತೂ ಆಡಲಿಲ್ಲ.

ಬೆಟ್ಟದ ಮೇಲೆ ಎಲ್ಲರೂ ಸಾಲಾಗಿ ತಲೆ ಬಗ್ಗಿಸಿದರು. ಯಜಮಾನರ ಸರದಿ ಬಂತು. ಚಪ್ಪಲಿ ತಲೆಗೆ ಮೆತ್ತಗೆ ಮುಟ್ಟಿತು. ಆಗ ಹಿಂದೆ ಕೈಮುಗಿದು ನಿಂತಿದ್ದ ಹೆಂಡತಿ ಬೆಳಗಿನಿಂದ ಮೊದಲ ಸಲ ಬಾಯಿ ಬಿಟ್ಟರು.

"ಇವ್ರಿಗೆ ಒಸಿ ಬಲವಾಗೇ ಆಕಿ ಸ್ವಾಮಿ. ನಾವಂತೂ ಎತ್ತಕ್ಕಾಗಕಿಲ್ಲ, ದೇವ್ರಾದ್ರೂ ಆಕ್ಲಿ."

ಇಳಿಯುವಾಗ ವ್ಯಾನಿನಲ್ಲಿ ಯಾರೂ ಬಯ್ಯಲಿಲ್ಲ. ಅಷ್ಟು ಸುಖವಾದ ಡ್ರೈವಿಂಗ್ ನಾನು ಜನ್ಮದಲ್ಲಿ ಮಾಡಿಲ್ಲ.

೫. ನಮ್ಮವ್ವನ ಬೋಸಿ

ಇಷ್ಟಾಗುವ ಹೊತ್ತಿಗೆ ನನ್ನ ಹೆಸರು ಊರಲ್ಲೆಲ್ಲ ಹರಡಿ, ಪಾರ್ಟಿಯವರು ಲಾಡ್ಜಿಗೆ ಬಂದವರೇ "ಆನೆ ಕಾಣದ ಆ ವ್ಯಾನು ಬೇಡ" ಎನ್ನತೊಡಗಿದರು. ಮ್ಯಾನೇಜರು ಒಂದು ಬೆಳಿಗ್ಗೆ ನನ್ನನ್ನು ಕರೆದರು.

"ನೋಡಪ್ಪ, ನಿನ್ ಮೇಲೆ ನಂಗೇನೂ ಕೋಪ ಇಲ್ಲ. ಆದ್ರೆ ಈ ಪಾರ್ಟಿಗೂ ಆನೆ ತೋರಿಸಲಿಲ್ಲ ಅಂದ್ರೆ ಇನ್ಮೇಲೆ ಎಲ್ಲಾ ಪಾರ್ಟಿನೂ ಜೀಪಿನವನಿಗೇ ಕೊಡ್ತೀನಿ. ಬೇಜಾರು ಮಾಡ್ಕೋಬೇಡ."

ಆ ಲಾಡ್ಜು ಬಿಟ್ಟರೆ ನನಗೆ ಬೇರೆ ದಿಕ್ಕಿರಲಿಲ್ಲ.

ಆ ಪಾರ್ಟಿ ಎಂದರೆ ಬಾಗಲಕೋಟೆ ಕಡೆಯ ರಿಟೈರಾದ ಮಾಸ್ತರು ಮತ್ತು ಅವರ ಹೆಂಡತಿ. ಮಾಸ್ತರು ವ್ಯಾನು ಹತ್ತುತ್ತಲೇ ಹೇಳಿದರು: "ಮೂವತ್ತು ವರ್ಷ ಹುಡುಗುರಿಗೆ 'ಆ ಅಂದ್ರ ಆನಿ' ಅಂತ ಕಲಿಸೇನಿ ನೋಡ್ರಿ. ಗುಡಿ ಮುಂದ ಸರಪಳಿ ಹಾಕಿ ನಿಲ್ಲಿಸಿದ್ದು ಬಿಟ್ರ ಇನ್ನೊಂದು ಆನಿ ನಾ ನೋಡಿಲ್ಲ. ಅಡವ್ಯಾಗ ತನ್ನ ಮನಸಿಗೆ ಬಂದಂಗ ತಿರುಗೋ ಆನಿ ಒಂದ ಸಲ ನೋಡಬೇಕ್ರೀ."

ನನಗೆ ನನ್ನ ಪಾರ್ಟಿಗಳ ಚಿಂತೆ ಒಂದು ಕಡೆ, ಈ ಮಾಸ್ತರಿಗೆ ಮೋಸವಾಗಬಾರದು ಎಂಬ ಚಿಂತೆ ಇನ್ನೊಂದು ಕಡೆ. ಅವತ್ತು ಲದ್ದಿಗೆ ನೀರು ಹಾಕುವ ಮನಸ್ಸೂ ಬರಲಿಲ್ಲ.

ಹಂಗಳದಲ್ಲಿ ನಮ್ಮ ಮನೆ. ಅವ್ವ ರಸ್ತೆಗೆ ಬಂದು ನಿಂತಿದ್ದಳು, ಕೈಯಲ್ಲಿ ಅಲ್ಯೂಮಿನಿಯಂ ಬೋಸಿ, ಅದರ ಮೇಲೊಂದು ಸ್ಟೀಲ್ ತಟ್ಟೆ. ನನ್ನ ಮಧ್ಯಾಹ್ನದ ಊಟಕ್ಕೆ ನುಚ್ಚಿನುಂಡೆ. ಕಾಡಂಚಿನ ಹೊಲದಲ್ಲಿ ರಾತ್ರಿಯೆಲ್ಲ ಆನೆಯಿಂದ ಬೆಳೆ ಕಾದು ಕಾದೇ ಅವಳ ತಲೆ ಹಣ್ಣಾಗಿತ್ತು. ಬೋಸಿ ಕೊಟ್ಟು ಹೋಗುವುದು ಬಿಟ್ಟು, "ದೇಸ್ಕೆಲ್ಲ ತೋರಿಸ್ತಿಯಲ್ಲ ಕಣ್ಲಾ, ನಂಗೊಂದಿನ ಕೂರಿಸ್ಕೊಂಡು ಓಗಿದ್ದೀಯಾ?" ಎಂದಳು. ನಾನು ಕಣ್ಸನ್ನೆ ಮಾಡುವಷ್ಟರಲ್ಲೇ ಮಾಸ್ತರ ಹೆಂಡತಿ, "ಬರ್ರಿ ಯವ್ವಾ, ಜಾಗ ರಗಡ ಐತಿ" ಎಂದು ಬಾಗಿಲು ತೆಗೆದುಬಿಟ್ಟರು.

ಬೆಳಗಿನಿಂದ ಸಂಜೆಯವರೆಗೆ ಆ ರಸ್ತೆಯಲ್ಲಿ ಹೋದೆವು, ಬಂದೆವು. ಜಿಂಕೆ ಸಿಕ್ಕವು, ನವಿಲು ಸಿಕ್ಕವು. ನುಚ್ಚಿನುಂಡೆ ನಾಲ್ಕೂ ಜನ ತಿಂದು ಮುಗಿಸಿದೆವು. ಆನೆ ಇಲ್ಲ. ಮಾಸ್ತರು ಕಿಟಕಿಯಾಚೆ ನೋಡುವುದನ್ನೂ ಬಿಟ್ಟಿದ್ದರು. ಅವ್ವ ಖಾಲಿ ಬೋಸಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಳು. ನಾನು ಸೋತು ಗುಂಡ್ಲುಪೇಟೆ ಕಡೆಗೆ ವ್ಯಾನು ತಿರುಗಿಸಿದೆ.

ಒಂದು ತಿರುವಿನಲ್ಲಿ ನಿಂತಿತ್ತು. ಒಂಟಿ ಸಲಗ. ಒಂದು ದಂತ ಅರ್ಧ ಮುರಿದಿತ್ತು. ರಸ್ತೆಯ ಪಕ್ಕದ ಬಿದಿರನ್ನು ಬಗ್ಗಿಸಿಕೊಂಡು ಆರಾಮಾಗಿ ಮೇಯುತ್ತಿತ್ತು.

ನಾನು ಸ್ವಲ್ಪ ದೂರದಲ್ಲೇ ಮೆಲ್ಲಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಹಿಂದಕ್ಕೆ ತಿರುಗಿ ನೋಡಿದರೆ ಮಾಸ್ತರು ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಾರೆ, ಕಣ್ಣಲ್ಲಿ ನೀರು ತುಂಬಿದೆ. "ಆ..." ಎಂದರು ಮೆಲ್ಲಗೆ. ಮುಂದಿನದು ಬಾಯಿಂದ ಬರಲಿಲ್ಲ. ನನ್ನ ಪಾರ್ಟಿಗಳು ಉಳಿದವು, ಮಾಸ್ತರ ಆಸೆ ತೀರಿತು, ಗೋಪಾಲಸ್ವಾಮಿ ಕಣ್ಣುಬಿಟ್ಟ ಅಂದುಕೊಂಡೆ.

ಆಗ ನಮ್ಮವ್ವನೂ ಕಣ್ಣುಬಿಟ್ಟಳು.

ಕಣ್ಣು ಬಿಟ್ಟವಳಿಗೆ ಕಿಟಕಿಯಾಚೆ ಕಂಡದ್ದು ಆನೆ. ತಾನು ವ್ಯಾನಿನಲ್ಲಿದ್ದೇನೆ ಎನ್ನುವುದು ಅವಳಿಗೆ ಎಲ್ಲಿ ನೆನಪಿರಬೇಕು? "ಬಂದ್ಬುಡ್ತು ಕಣ್ರಪ್ಪೋ! ಏಳ್ರೋ! ಓಯ್! ಓಯ್! ಓಯ್!" ಎಂದು ಬೊಬ್ಬೆ ಹೊಡೆಯುತ್ತಾ ಬೋಸಿಯ ಮೇಲೆ ತಟ್ಟೆಯಿಂದ ಢಣಢಣನೆ ಬಾರಿಸತೊಡಗಿದಳು. "ಅವ್ವಾ, ಬುಡವ್ವಾ!" ಎಂದು ನಾನು ಕೂಗಿದ್ದು ಆ ಸದ್ದಿನಲ್ಲಿ ನನಗೇ ಕೇಳಲಿಲ್ಲ. "ಇವ್ನೇ ಕಣ್ಲಾ, ಮುರುಕು ಕೊಂಬಿನವ್ನು! ಓದ್ ಸುಗ್ಗೀಲಿ ನಮ್ಮ ಅವರೆಕಾಯಿ ಮೇಯ್ದವ್ನು ಇವ್ನೇ! ಓಗ್ತೀಯೋ ಬರ್ಲೋ?"

ಆನೆ ಕಿವಿ ಅಗಲಿಸಿತು. ವ್ಯಾನನ್ನು ನೋಡಿತು. ಆ ದನಿಯ ಪರಿಚಯ ಅದಕ್ಕೂ ಇದ್ದಿರಬೇಕು. ಬಾಯಲ್ಲಿದ್ದ ಬಿದಿರನ್ನು ಅಲ್ಲೇ ಬಿಟ್ಟು, ತಿರುಗಿ, ಪೊದೆ ಮುರಿದುಕೊಂಡು ಓಡಿಯೇಹೋಯಿತು.

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬೆಪ್ಪಾಗಿ ಕೂತಿದ್ದ ಮಾಸ್ತರ ಕಡೆ ತಿರುಗಿ ತುಂಬ ಪ್ರೀತಿಯಿಂದ ಹೇಳಿದಳು: "ಎದರ್ಕೋಬ್ಯಾಡಿ ಕಣಪ್ಪ. ಓಡಿಸ್ಬುಟ್ಟೆ."

ಆಮೇಲೆ ಮಾಸ್ತರು, "ಯವ್ವಾ, ನಾವು ಅದನ್ನ ನೋಡಾಕಂತನ ಅಷ್ಟು ದೂರದಿಂದ ಬಂದಿದ್ವಿ" ಎಂದರು.

"ಅದ್ನ ನೋಡಕ್ಕಾ?" ಅವ್ವನಿಗೆ ನಂಬಿಕೆಯೇ ಬರಲಿಲ್ಲ. "ಅದ್ಕೆ ಈ ಗಾಡಿ ಯಾಕಪ್ಪ ಬೇಕಿತ್ತು? ನಮ್ಮ ಒಲದಲ್ಲಿ ಕೂತಿದ್ರೆ ದಿನಾ ಬತ್ತಿತ್ತಲ್ಲ!"

ಮೊದಲು ನಕ್ಕವರು ಮಾಸ್ತರ ಹೆಂಡತಿ. ಆಮೇಲೆ ಮಾಸ್ತರು ನಗಲು ಹತ್ತಿದರು, ಗುಂಡ್ಲುಪೇಟೆ ಬಂದರೂ ನಿಲ್ಲಿಸಲಿಲ್ಲ. ನನಗೆ ಮಾತ್ರ ಅಳು ಬರುವ ಹಾಗಿತ್ತು. ಕಂಡದ್ದೇ ಒಂದು ಆನೆ, ಅದನ್ನು ಓಡಿಸಿದವಳು ನನ್ನ ಹೆತ್ತವ್ವ. ಮ್ಯಾನೇಜರ ಮುಖ ನೋಡಲು ಧೈರ್ಯ ಸಾಲದೆ ಎರಡು ದಿನ ಸ್ಟ್ಯಾಂಡಿನ ಕಡೆಗೇ ಸುಳಿಯಲಿಲ್ಲ.

ಮೂರನೆಯ ದಿನ ಮ್ಯಾನೇಜರೇ ಹೇಳಿಕಳಿಸಿದರು. ತಲೆ ತಗ್ಗಿಸಿಕೊಂಡು ಹೋದೆ.

"ಎಲ್ಲಿ ಹಾಳಾಗೋಗಿದ್ದೆ? ಆ ಮಾಸ್ತರು ಹೋಗೋವಾಗ ಲಾಡ್ಜಲ್ಲಿದ್ದೋರಿಗೆಲ್ಲ ಕತೆ ಹೇಳಿ ಹೋಗಿದಾರೆ. ಮೂರು ಪಾರ್ಟಿ ಕಾಯ್ತಾ ಕೂತಿದೆ. ಜೀಪು ಕೊಡ್ತೀನಿ ಅಂದ್ರೂ ಬೇಡವಂತೆ, ನಿನ್ನ ವ್ಯಾನೇ ಬೇಕಂತೆ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅವರು ಮಾತು ಮುಗಿಸಿರಲಿಲ್ಲ. "ಆದ್ರೆ ನಿಮ್ಮವ್ವನೂ ಬರಬೇಕಂತೆ. ಬೋಸಿ ತಟ್ಟೆ ಸಮೇತ."

ಒಂದೇ ಉಸಿರಿಗೆ ಹಂಗಳಕ್ಕೆ ವ್ಯಾನು ಬಿಟ್ಟೆ. ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ವಿಷಯ ಹೇಳಿ, "ಬಾರವ್ವಾ, ನೀನು ಬಂದ್ರೆ ನನ್ ಕೆಲಸ ಉಳೀತದೆ" ಎಂದು ಕೈ ಹಿಡಿದುಕೊಂಡೆ.

ಅವಳು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿ, ನನ್ನನ್ನೂ ವ್ಯಾನನ್ನೂ ಒಂದು ಸಲ ನೋಡಿದಳು.

"ಓಡ್ಸೋದೇನು, ನಾ ಓಡಿಸ್ತೀನಿ ಬುಡು" ಎಂದಳು. "ನಿನ್ ಗಾಡಿ ಮುಂದೆ ಆನೆ ಬರಬೇಕಲ್ಲ ಕಣ್ಲಾ ಮೊದ್ಲು!"