ಓಡುವ ಪದಗಳ ಬೆನ್ನು ಹತ್ತಿ

ಇಂಗ್ಲಿಷಿನವರಿಗೆ ಪದಗಳ ಬರವಿತ್ತೋ, ಹೊಸ ಪದ ಹುಟ್ಟಿಸಲು ಸೋಮಾರಿತನವೋ, ನನಗೆ ತಿಳಿಯದು. ಮನುಷ್ಯ ಓಡಿದರೂ ರನ್, ಮೂಗು ಸೋರಿದರೂ ರನ್, ನಲ್ಲಿಯಲ್ಲಿ ನೀರು ಬಂದರೂ ರನ್, ಅಂಗಡಿ ನಡೆಸಿದರೂ ರನ್, ಹೊಸ ಬಟ್ಟೆ ಬಣ್ಣ ಬಿಟ್ಟರೂ ರನ್. ಒಂದೇ ತಲೆಯ ಮೇಲೆ ಇಷ್ಟೊಂದು ಕೆಲಸ ಹೇರುವುದನ್ನು ನಾನು ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ಮಾತ್ರ ನೋಡಿದ್ದು. (ಪಾಪ, ಆ ಪದಕ್ಕೆ ಬಾಯಿಲ್ಲ. ನನಗಿದೆ. ವ್ಯತ್ಯಾಸ ಅಷ್ಟೇ.)

ಈ ಸಿಟ್ಟಿಗೆ ಕಾರಣವಿದೆ. ನಾನು ಇಂಗ್ಲಿಷ್ ಎಂ.ಎ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು, ಆ ಎಂ.ಎ.ಯನ್ನೆಲ್ಲ ‘ಓಪನ್ ಯುವರ್ ಮೌತ್’ ಎನ್ನುತ್ತಾ ಅವಳ ಬಾಯಿಗೆ ತುತ್ತು ತುರುಕುವುದಕ್ಕೇ ಖರ್ಚು ಮಾಡುತ್ತಿದ್ದೆ. ಹೀಗಿರುವಾಗ ನಮ್ಮ ಬೀದಿಯ ಕೊನೆಯ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಖಾಲಿ ಇದೆಯೆಂದು ತಿಳಿಯಿತು. ನಡೆದು ಹೋಗುವಷ್ಟು ಹತ್ತಿರ, ಮಗಳನ್ನೂ ಅಲ್ಲೇ ಶಿಶುವಿಹಾರಕ್ಕೆ ಹಾಕಬಹುದು. ಇಂಥದ್ದು ಇನ್ನೊಂದು ಸಿಗುವುದಿಲ್ಲ. ಹೆಡ್‌ಮಿಸ್ ಹಾಕಿದ್ದು ಒಂದೇ ಷರತ್ತು. ಮೂರನೇ ಕ್ಲಾಸಿನ ಮಕ್ಕಳಿಗೆ ಒಂದು ಮಾದರಿ ಪಾಠ ಮಾಡಿ ತೋರಿಸಬೇಕು. ವಿಷಯ, ಚಲನೆ ಮತ್ತು ಬದಲಾವಣೆಯನ್ನು ಹೇಳುವ, ಹಲವು ಅರ್ಥಗಳಿರುವ ಇಂಗ್ಲಿಷ್ ಪದಗಳು: ರನ್, ಟರ್ನ್, ಮೂವ್, ಚೇಂಜ್.

ನಿಘಂಟು ತೆಗೆದೆ. ರನ್ ಒಂದಕ್ಕೇ ಪುಟಗಟ್ಟಲೆ ಅರ್ಥ. ಓದುತ್ತಾ ನನಗೇ ತೂಕಡಿಕೆ ಬಂತು, ಇನ್ನು ಮಕ್ಕಳ ಪಾಡೇನು? ಆ ಸಂಜೆ ಡೈರಿ ಬರೆಯಲು ಕೂತಾಗ ಜ್ಞಾನೋದಯವಾಯಿತು. ಇಂಥ ಪದಗಳನ್ನು ಬಾಯಿಂದ ಕಲಿಸಬಾರದು, ಮೈಯಿಂದ ಕಲಿಸಬೇಕು. ಪದ ಕಿವಿಗೆ ಬಿದ್ದೊಡನೆ ಅದರ ಒಂದೊಂದು ಅರ್ಥವನ್ನೂ ಸಾಲಾಗಿ ಮಾಡಿಬಿಡಬೇಕು. ಈ ಮಹಾಸಿದ್ಧಾಂತಕ್ಕೆ ನಮ್ಮ ಮನೆಯೇ ಪ್ರಯೋಗಶಾಲೆಯಾಯಿತು.

ಮಗಳು ಚಿನಕುರಳಿ ಎರಡೇ ದಿನದಲ್ಲಿ ಪಂಡಿತೆಯಾದಳು. ರನ್ ಎಂದರೆ ನಡುಮನೆಯಿಂದ ಬಚ್ಚಲಿಗೆ ಓಟ, ಅಲ್ಲಿ ನಲ್ಲಿ ತಿರುಗಿಸಿ ನೀರು ಬಿಡುವುದು, ಆಮೇಲೆ ಮೂಗಿನ ಕೆಳಗೆ ಬೆರಳಿಟ್ಟು ಸೊರ್ ಎನ್ನುವುದು. ಟರ್ನ್ ಎಂದರೆ ಗಕ್ಕನೆ ತಿರುಗಿ ಓಡಿ ಬಂದು, ಗೋಡೆಗೆ ನೆಟ್ಟಗೆ ನಿಂತು, ತನ್ನ ಸರದಿ ಎಂದು ಕೈ ಚಾಚುವುದು. ಕೈಗೊಂದು ಬಿಸ್ಕತ್ತು.

ಚೇಂಜ್ ಪದಕ್ಕೆ ಅತ್ತೆಯನ್ನು ಕರೆದೆ. ಅವರು ಕೂತಲ್ಲಿಂದ ಏಳಲೂ ಇಲ್ಲ.

“ನನ್ನನ್ನ ಬದಲಾಯಿಸೋಕೆ ನಿನ್ನ ಮಾವನ ಕೈಲೇ ಆಗ್ಲಿಲ್ಲ. ನಿನ್ನ ಇಂಗ್ಲಿಷಿಗೆ ಆಗುತ್ತೇನಮ್ಮ?”

ಉಳಿದದ್ದು ಮೂವ್. ಔಷಧಿ ಅಂಗಡಿಯ ಬಾಗಿಲು ಹಾಕಿ ಆಗಷ್ಟೇ ಬಂದು ಅಂಗಿಯ ಗುಂಡಿ ಬಿಚ್ಚುತ್ತಿದ್ದ ಯಜಮಾನರಿಗೆ ಬೀರು ಸರಿಸಲು ಹೇಳಿದೆ.

“ಕುರ್ಚಿ ಸರಿಸಿದ್ರೆ ಆಗಲ್ವೇನೆ? ಅದೂ ಮೂವೇ ಅಲ್ವಾ?”

“ಕುರ್ಚಿ ಸರಿಸಿದ್ದು ಯಾರಿಗ್ರೀ ನೆನಪಿರುತ್ತೆ? ಬೀರು ಸರಿಸಿ ನೋಡಿ, ಈ ಜನ್ಮದಲ್ಲಿ ಮರೆಯಲ್ಲ.”

ಮರೆಯುವುದಿಲ್ಲ, ನಿಜ. ಬೀರು ಒಂದು ಗೇಣು ಸರಿಯಿತು, ಇವರ ಬೆನ್ನು ಎರಡು ಗೇಣು. ಕೆಳಗಿನ ಮನೆಯ ದರ್ಜಿ ಸದ್ದು ಕೇಳಿ ಮೇಲೆ ಬಂದು, ನೀವು ಮನೆ ಖಾಲಿ ಮಾಡುತ್ತಿದ್ದೀರಾ ಎಂದು ಬಹಳ ಆಸೆಯಿಂದ ವಿಚಾರಿಸಿ, ನಿರಾಶರಾಗಿ ಹೋದರು. ಮನಸ್ಸು ಕರಗಿಸುವುದಕ್ಕೂ ಮೂವ್ ಅಂತಾರೆ ಎಂದು ಹೇಳಿ ಪಾಠ ಮುಗಿಸೋಣವೆಂದುಕೊಂಡೆ. ನೆಲದ ಮೇಲೆ ಬೋರಲು ಬಿದ್ದಿದ್ದ ಇವರು ಕತ್ತು ಹೊರಳಿಸಿ ನೋಡಿದ ನೋಟಕ್ಕೆ ನಿಘಂಟು ಮುಚ್ಚಿಟ್ಟೆ.

ಮರುದಿನವೇ ಮಾದರಿ ಪಾಠ. ಮಗಳನ್ನು ಮನೆಯಲ್ಲಿ ಬಿಟ್ಟು ಹೋಗುವ ಏರ್ಪಾಡಾಗಿತ್ತು. ಆದರೆ ಅತ್ತೆ ಬಿಸಿನೀರಿನ ಚೀಲ ಹಿಡಿದು ಮಗನ ಬೆನ್ನಿನ ಪಕ್ಕ ಕೂತುಬಿಟ್ಟಿದ್ದರು.

“ನೀನು ಮುರಿದದ್ದನ್ನ ನಾನು ನೋಡ್ಕೋತೀನಿ. ನೀನು ಹೆತ್ತದ್ದನ್ನ ನೀನೇ ಕರ್ಕೊಂಡು ಹೋಗು.”

ಹೀಗೆ ಚಿನಕುರಳಿಯೂ ನನ್ನೊಡನೆ ಶಾಲೆಗೆ ಬಂದಳು. ಅವಳನ್ನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರಿಸಿ ಕೈಗೆ ಬಿಸ್ಕತ್ತು ಕೊಟ್ಟೆ. ಹಿಂದಿನ ಸಾಲಿನಲ್ಲಿ ಹೆಡ್‌ಮಿಸ್, ಅವರ ಪಕ್ಕ ಇದೇ ಕೆಲಸಕ್ಕೆ ಬಂದಿದ್ದ ದಪ್ಪ ಕನ್ನಡಕದ ಹುಡುಗಿ. ಅವಳ ಪಾಠ ನನಗಿಂತ ಮೊದಲೇ ಮುಗಿದಿತ್ತು. ಕಿಟಕಿಯಿಂದ ನೋಡಿದ್ದೆ. ಮಕ್ಕಳು ಕೂತಲ್ಲೇ ಕೂತಿದ್ದರು, ಅರ್ಧ ಜನರ ತಲೆ ಮೇಜಿನ ಮೇಲಿತ್ತು. ನನಗೆ ಒಳಗೊಳಗೇ ಖುಷಿ.

ನಾನು ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ರನ್ ಎಂದು ಬರೆದು ಹೇಳಿದೆ. ಈಗ ನಾನು ಪದ ಕೂಗುತ್ತೇನೆ, ಗೊತ್ತಿರುವವರು ಮಾಡಿ ತೋರಿಸಿ, ಉಳಿದವರು ಅವರನ್ನು ನೋಡಿ ಹಾಗೆಯೇ ಮಾಡಿ. ಆ ಕ್ಲಾಸಿನಲ್ಲಿ ಗೊತ್ತಿದ್ದವಳು ಒಬ್ಬಳೇ ಎಂಬುದು ನನಗೆ ಹೊಳೆಯುವ ಮೊದಲೇ ನನ್ನ ಬಾಯಿ ರನ್ ಎಂದಿತ್ತು.

ಚಿನಕುರಳಿ ಬೆಂಚಿನಿಂದ ಜಾರಿ ಬಾಗಿಲು ದಾಟಿದಳು. ಅವಳ ಹಿಂದೆ ಇಡೀ ಮೂರನೇ ಕ್ಲಾಸು. ಶಾಲೆಯಲ್ಲಿ ಬಚ್ಚಲು ಸಿಗದಿದ್ದರೂ ಅಂಗಳದಲ್ಲಿ ಕೈ ತೊಳೆಯುವ ನಲ್ಲಿಗಳ ಸಾಲು ಸಿಕ್ಕಿತು. ಒಂದೂ ಬಿಡದೆ ಎಲ್ಲ ನಲ್ಲಿಗಳನ್ನೂ ಬಿಟ್ಟರು. ಆಮೇಲೆ ಎಲ್ಲರೂ ಮೂಗಿನ ಕೆಳಗೆ ಬೆರಳಿಟ್ಟು ಒಕ್ಕೊರಲಿನಿಂದ ಸೊರ್ ಎಂದರು. (ಅರ್ಥಗಳ ಕ್ರಮದಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ ಎಂಬುದೇ ನನ್ನ ದುಃಖ.) ಅಲ್ಲಿಗೆ ನಿಂತರೇ? ಇಲ್ಲ, ಮತ್ತೆ ಮೊದಲಿನಿಂದ ಶುರು, ಅಂಗಳದ ಸುತ್ತ ಓಟ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡುತ್ತಾ ‘ಸ್ಟಾಪ್, ಸ್ಟಾಪ್’ ಎಂದು ಬಡಿದುಕೊಂಡೆ. ಯಾರಿಗೆ ಕೇಳಬೇಕು? ಆ ಪದವನ್ನು ನಾನು ಮಗಳಿಗೆ ಕಲಿಸಿಯೇ ಇರಲಿಲ್ಲ. ಕೊಟ್ಟಿದ್ದ ವಿಷಯ ಚಲನೆ, ನಿಲ್ಲುವುದನ್ನು ಯಾಕೆ ಕಲಿಸಲಿ?

ಕೊನೆಗೆ ಉಸಿರು ಕಟ್ಟುವಂತೆ ಟರ್ನ್ ಎಂದು ಕಿರುಚಿದೆ. ಚಿನಕುರಳಿ ಗಕ್ಕನೆ ತಿರುಗಿದಳು. ಅವಳ ಹಿಂದಿನವರೆಲ್ಲ ತಿರುಗಿದರು. ಓಡಿ ಬಂದು ಗೋಡೆಯುದ್ದಕ್ಕೂ ಸೊಟ್ಟಿಲ್ಲದ ಸಾಲಾಗಿ ನಿಂತು, ಬಿಸ್ಕತ್ತಿಗೆ ಕೈ ಚಾಚಿದರು. ನೋಡಿದರೆ ಹೆಡ್‌ಮಿಸ್ ಬಾಗಿಲಲ್ಲಿ ನಿಂತು ತಲೆದೂಗುತ್ತಿದ್ದರು. ಕೆಲಸ ನನ್ನದೇ ಎಂದು ಆ ಕ್ಷಣವೇ ನಿಶ್ಚಯಿಸಿದೆ.

ಅರ್ಧ ಗಂಟೆಯ ಮೇಲೆ ಒಳಗೆ ಕರೆದರು. ಒದ್ದೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ವಿನಯದಿಂದ ತಲೆ ಬಾಗಿಸಿ ಕಾದೆ. ಇಂಗ್ಲಿಷ್ ಕೆಲಸವನ್ನು ಕನ್ನಡಕದ ಹುಡುಗಿಗೆ ಕೊಟ್ಟೆವು ಎಂದರು ಹೆಡ್‌ಮಿಸ್. ಅವಳ ಪಾಠದಲ್ಲಿ ಮಕ್ಕಳು ಗಲಾಟೆ ಮಾಡಲಿಲ್ಲವಂತೆ. ನಿದ್ದೆ ಹೋದವರು ಗಲಾಟೆ ಮಾಡುತ್ತಾರೆಯೇ? ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ.

“ಕೂತ್ಕೊಳ್ಳಿ ಮೇಡಂ, ನಿಮ್ಮನ್ನ ಬಿಡೋ ಮಾತೇ ಇಲ್ಲ,” ಎಂದರು ಅವರು. “ಓಡ್ತಿರೋ ಇಡೀ ಕ್ಲಾಸನ್ನ ಒಂದೇ ಮಾತಿಗೆ ತಿರುಗಿಸಿ ಸಾಲಲ್ಲಿ ನಿಲ್ಲಿಸೋರನ್ನ ನಾನು ನೋಡೇ ಇರ್ಲಿಲ್ಲ. ನೀವು ಆಟದ ಟೀಚರ್ ಆಗಿ ಬನ್ನಿ.”

“ಮೇಡಂ, ನಾನು ಇಂಗ್ಲಿಷ್ ಎಂ.ಎ.”

“ಒಳ್ಳೇದೇ ಆಯ್ತಲ್ಲ. ಲೆಫ್ಟ್, ರೈಟ್ ಎಲ್ಲ ಇಂಗ್ಲಿಷಿನಲ್ಲೇ ಹೇಳಬಹುದು.”

ನನ್ನ ಪದವಿ, ನನ್ನ ಸಿದ್ಧಾಂತ, ಮನೆಯಲ್ಲಿ ಬೋರಲು ಬಿದ್ದಿರುವ ಗಂಡ, ಎಲ್ಲರ ಪರವಾಗಿ ನನ್ನ ಆತ್ಮಗೌರವ ಹೆಡೆಯೆತ್ತಿತು. ಈ ಅಪಮಾನಕ್ಕೆ ಜೀವಮಾನದಲ್ಲೇ ಮರೆಯದ ಉತ್ತರ ಕೊಡಬೇಕೆಂದು, ಅದೂ ಶುದ್ಧ ಇಂಗ್ಲಿಷಿನಲ್ಲಿಯೇ ಕೊಡಬೇಕೆಂದು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ.

“ಬೂಟು ಶಾಲೆಯವರೇ ಕೊಡ್ತೀರಾ ಮೇಡಂ, ನಾನೇ ತರಬೇಕಾ?” ಎಂದು ಕೇಳಿತು ನನ್ನ ಬಾಯಿ.